ಇಲ್ಲದ ತೋರುಬೆರಳು

ಲಿಯೆಕ್ಸಾದಲ್ಲಿ ಡಿಸೆಂಬರ್ ಅಂದರೆ
ಮಧ್ಯಾಹ್ನ ಮೂರಕ್ಕೇ ಬೀದಿದೀಪ.
ಸೌನಾ ಪಕ್ಕದ ಬಟ್ಟೆ ಒಗೆಯುವ ಕೋಣೆಯಲ್ಲಿ
ಇಸ್ತ್ರಿ ಹಲಗೆಯ ಕಾಲು ತಗ್ಗಿಸಿ, ಅದರ ಮೇಲೆ
ಹಿಡಿಕೆಯೊಂದನ್ನು ತಿರುಪಿನಿಂದ ಬಿಗಿದಿದ್ದೇನೆ.
ಇದೇ ನನ್ನ ವಿಮಾನ.
ಸೈಮಿ ಕೇಳುತ್ತಾಳೆ: ಅಂಗಿಗಳ ಗತಿ?

ಕಣ್ಣಿಗೆ ಪೆಟ್ಟಿಗೆ ಕಟ್ಟಿಕೊಂಡೆ.
ಒಗೆಯುವ ಯಂತ್ರ ಮಾಯ, ಬಕೆಟ್ಟು ಮಾಯ,
ಎದುರಿಗೆ ಹಿಮ ಗುಡಿಸಿಟ್ಟ ರನ್‌ವೇ.
ಆದರೆ ಕೈ? ಕೈಯೇ ಇಲ್ಲ.
ಹೆಡ್‌ಸೆಟ್ಟಿನ ಹಣೆಯಲ್ಲಿ ನಾಲ್ಕು ಪುಟ್ಟ ಕಣ್ಣು,
ಕತ್ತಲಲ್ಲಿ ಅವೂ ಕುರುಡು.
ಗ್ಯಾರೇಜಿನ ದೀಪ ತಂದು ಮೊಳೆಗೆ ನೇತುಹಾಕಿದೆ,
ಬೇಟೆಯ ಮೂಸ್ ಸುಲಿಯುವಾಗ ಹಚ್ಚುವುದು.
ಆಗ ಬಂತು ಕೈ, ತಡವರಿಸುತ್ತ,
ಬೂದು ಬಣ್ಣದ್ದು, ರೋಮವಿಲ್ಲ, ಗೆರೆಯಿಲ್ಲ,
ಉಗುರಸಂದಿಯಲ್ಲಿ ಪೈನ್ ಮರದ ರಾಳವಿಲ್ಲ.
ಎಣಿಸಿದೆ.
ಐದು.
ಮತ್ತೆ ಎಣಿಸಿದೆ.

ತೊಂಬತ್ತೆಂಟರ ಮಾರ್ಚಿನಲ್ಲಿ, ಗಿರಣಿಯಲ್ಲಿ,
ಹಲಗೆಯ ಜೊತೆ ಗರಗಸಕ್ಕೆ ಹೋದದ್ದು
ತೋರುಬೆರಳು, ನಡುಬೆರಳು.
ಅಂದಿನಿಂದ ಯಾರತ್ತಲೂ ಬೆರಳು ಮಾಡಿ ಮಾತಾಡಿದವನಲ್ಲ.
ಎಡಗೈ ಇತ್ತು, ಒಪ್ಪುತ್ತೇನೆ.
ಅದಕ್ಕೆ ಬೈಯುವ ರೂಢಿ ಹತ್ತಲಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ.
ಇಲ್ಲದ ಬೆರಳಿಗೆ?

ಈ ಯಂತ್ರಕ್ಕೆ ಮೂರು ಬೆರಳಿನ ಕೈ ಗೊತ್ತಿಲ್ಲ,
ಅದು ಕಲಿತದ್ದೆಲ್ಲ ಐದರ ಮಗ್ಗಿ.
ಗೆಣ್ಣು ಕಂಡರೆ ಸಾಕು, ಮುಂದಿನದನ್ನು
ಊಹಿಸಿ ಬರೆದುಬಿಡುತ್ತದೆ,
ಬಿಟ್ಟ ಸ್ಥಳ ತುಂಬುವ ಹುಡುಗನ ಹಾಗೆ.
ಕೆಲವು ಸಲ ತಪ್ಪು: ನಡುಬೆರಳು ಹಿಂದಕ್ಕೆ ಮಡಿದು
ಥರಗುಟ್ಟಿ, ಮಣಿಕಟ್ಟಿನೊಳಕ್ಕೆ ಹೊಕ್ಕುಬಿಡುತ್ತದೆ.
ಕೆಲವು ಸಲ ಸರಿ. ನಾನು ಮನಸ್ಸಿನಲ್ಲೇ
ನೀಡುತ್ತೇನೆ ಆ ಬೆರಳನ್ನು,
ಗೆಣ್ಣಿನ ಕೆಳಗೆ ಹಳೆಯ ನರವೊಂದು ಎಳೆಯುತ್ತದೆ,
ಬ್ಯಾಟರಿಯ ಕೆಂಪು ಸ್ವಿಚ್ಚು
ಟಕ್ಕೆಂದು ಮೇಲೆ.
ಟಕ್ ಅಂದದ್ದು ಕಿವಿಗೆ. ತುದಿಗೆ ಏನೂ ತಾಕಲಿಲ್ಲ,
ಇದ್ದ ಬೆರಳಿಗೂ ಇಲ್ಲ, ಇಲ್ಲದ ಬೆರಳಿಗೂ ಇಲ್ಲ.
ಇಲ್ಲಿ ಐದು ಬೆರಳೂ ಒಂದೇ ಸಮ.

ಎಂಜಿನ್. ಪೆಡಲ್. ಏರಿದೆ.
ಕೆಳಗೆ ಪಿಯೆಲಿನೆನ್ ಸರೋವರ, ಹೆಪ್ಪುಗಟ್ಟಿ,
ಯಾರೋ ಕೆನೆ ತೆಗೆಯಲು ಮರೆತ ಹಾಲಿನಂತೆ.
ಆಚೆ ದಡದಲ್ಲಿ ಕೋಲಿ ಬೆಟ್ಟ. ಗಿರಣಿ ಹುಡುಕಿದೆ.
ಅದರ ಜಾಗದಲ್ಲಿ ಬರೀ ಮರ ನೆಟ್ಟಿದ್ದಾರೆ.
ಅದೂ ಊಹೆಯೇ.

ಒಂದು ದಿನ ಸೈಮಿಗೂ ಕೊಟ್ಟೆ.
ಅವಳಿಗೂ ಅದೇ ಬೂದು ಕೈ ಬಂತು.
ಇದು ನನ್ನದಲ್ಲ, ಉಂಗುರ ಎಲ್ಲಿ, ಅಂದವಳೇ ಕಳಚಿಟ್ಟಳು.
ಇಪ್ಪತ್ತಾರು ಚಳಿಗಾಲ ನನ್ನ ಬಲಗೈ ಗವಸಿನಲ್ಲಿ
ಎರಡು ಬೆರಳು ಹೆಣೆಯದೆ ಬಿಟ್ಟವಳು,
ಒಮ್ಮೆಯೂ ಅಳತೆ ಕೇಳದೆ.

ನಿನ್ನೆ ಇಳಿಯುವ ಹೊತ್ತು. ಅಡ್ಡಗಾಳಿ.
ಫ್ಲಾಪಿನ ಸನ್ನೆಗಾಗಿ ಬಲಗೈ ಗಾಳಿಯಲ್ಲಿ ತಡಕುತ್ತಿತ್ತು.
ಬಟ್ಟೆ ತೆಗೆಯಲು ಬಂದವಳು ಏನಂದುಕೊಂಡಳೋ,
ಮಂಜುಗಡ್ಡೆಯ ಮೇಲೆ ಜಾರುವವನನ್ನು ಹಿಡಿಯುವಂತೆ
ಗಬಕ್ಕನೆ ಹಿಡಿದಳು.
ಸೋಪಿನ ತೇವ. ಬಿಸಿ.
ಎರಡು ಕೈ ಸೇರಿದ್ದೇ ತಡ, ಹಣೆಯ ಕಣ್ಣುಗಳಿಗೆ ಗಲಿಬಿಲಿ,
ಯಾವುದು ಯಾರ ಬೆರಳು, ಲೆಕ್ಕ ಹತ್ತಲಿಲ್ಲ.
ಕಾಕ್‌ಪಿಟ್ಟಿನಿಂದ ನನ್ನ ಕೈ ಅಳಿಸಿಹೋಯಿತು.
ಕೈ ಕೊಡುವುದು ಅಂದರೆ ಇದೇ ಇರಬೇಕು,
ಯಾರು ಕೊಟ್ಟರು ಅಂತ ಮಾತ್ರ ತಿಳಿಯದು.

ರನ್‌ವೇ ಓರೆಯಾಗಿ ಎದ್ದು ಬರುತ್ತಿದೆ.
ಎಡಗೈಯೊಂದೇ ಹಿಡಿಕೆಯ ಮೇಲೆ.
ಬಿಡು ಅನ್ನಬೇಕಿತ್ತು.
ಸ್ವಲ್ಪ ತಾಳು, ಅಂದೆ.
ಯಾರಿಗೆ ಅಂತ ಅವಳು ಕೇಳಲಿಲ್ಲ.